ಟೈಮಪ್ಪ

ಪ್ರಪಂಚದ ಬೇರೆ ಕಡೆ ಜಲ್ಲಿ ರಸ್ತೆಯಲ್ಲಿ ಸೈಕಲ್ ತುಳಿಯಲು ಜನ ಫೀಸು ಕಟ್ಟುತ್ತಾರಂತೆ. ಆಂಧ್ರದ ಗಡಿಯಲ್ಲಿರುವ ನಮ್ಮ ಮಡಕಶಿರಾ, ರಾಯದುರ್ಗದ ಕಡೆ ಅಂಥದೇ ರಸ್ತೆಗೆ ಡಾಂಬರು ಹಾಕಿಸಿಕೊಡಿ ಸ್ವಾಮಿ ಎಂದು ಎಮ್ಮೆಲ್ಯೆಗೆ ಅರ್ಜಿ ಕೊಡುತ್ತೇವೆ. ಗ್ರಾವೆಲ್ ಸುರಿಸಿ ಡಾಂಬರು ತರುತ್ತೇನೆಂದು ಹೋದ ಕಂಟ್ರಾಕ್ಟರು ಎರಡು ಎಲೆಕ್ಷನ್ ಕಳೆದರೂ ವಾಪಸು ಬಂದಿಲ್ಲ ಎನ್ನುವ ದೂರು ಗಡಿಯ ಯಾವ ಹಳ್ಳಿಗೆ ಹೋದರೂ ಕೇಳಸಿಗುತ್ತದೆ. ಆ ಕಂಟ್ರಾಕ್ಟರು ಬರುವುದೇ ಬೇಡ ಎಂದು ಬೆಳಗಾಗೆದ್ದು ದೇವರಿಗೆ ಕೈಮುಗಿಯುವವನು ಟೈಮಪ್ಪ ಒಬ್ಬನೇ.

ಇದು ಯಾರೋ ಒಬ್ಬರ ಹೆಸರು ಅಂದುಕೊಳ್ಳಬೇಡಿ. ಇದೊಂದು ತಳಿ, ಈಗ ಊರಿಗೊಬ್ಬರಂತೆ ಹುಟ್ಟಿಕೊಂಡಿದ್ದಾರೆ. ವಯಸ್ಸು ನಲವತ್ತು ದಾಟಿರಬೇಕು, ಕಾಯಂ ನೌಕರಿ ಇರಬೇಕು, ಡಾಕ್ಟರು ಒಮ್ಮೆಯಾದರೂ ‘ಶುಗರ್ ಬಾರ್ಡರಿನಲ್ಲಿದೆ’ ಅಂದಿರಬೇಕು. (ಗಡಿನಾಡಿನವರಿಗೆ ಅದೂ ಗಡಿಯಲ್ಲೇ ಇರುತ್ತದೆ.) ಕೊರೊನಾ ಕಾಲದಲ್ಲಿ ವಾಕಿಂಗ್ ಹಿಡಿದು, ಅಲ್ಲಿಂದ ಗೇರ್ ಸೈಕಲ್ಲಿಗೆ ಬಡ್ತಿ ಪಡೆದು, ಕೊನೆಗೆ ಬೆಂಗಳೂರಿನಿಂದ ಜಲ್ಲಿ ರಸ್ತೆಗೆಂದೇ ಮಾಡಿದ ಗ್ರಾವೆಲ್ ಬೈಕು ಎಂಬ ಸೈಕಲ್ ತರಿಸಿಕೊಂಡವನು ಈ ಟೈಮಪ್ಪ. ಆ ಬೈಕಿಗೆ ಮೂರು ಬೆಲೆ: ಅಂಗಡಿಯಲ್ಲಿ ಕೊಟ್ಟದ್ದು, ಗೆಳೆಯರಿಗೆ ಹೇಳಿದ್ದು, ಹೆಂಡತಿಗೆ ಹೇಳಿದ್ದು. ಮೂರಕ್ಕೂ ಒಂದಕ್ಕೊಂದು ನೆಂಟಸ್ತಿಕೆಯಿಲ್ಲ.

ನಾನು ಹತ್ತಿರದಿಂದ ಬಲ್ಲ ಟೈಮಪ್ಪನ ಮನೆ ಮಡಕಶಿರಾ ಕಡೆ, ನೌಕರಿ ರಾಯದುರ್ಗದ ಒಂದು ಬ್ಯಾಂಕಿನಲ್ಲಿ. ಹೀಗಾಗಿ ಎರಡೂ ಊರಿನ ಜಲ್ಲಿಯ ರುಚಿ ಅವನಿಗೆ ಗೊತ್ತು. ಹೊಸ ಬೈಕು ಮನೆಗೆ ಬಂದ ದಿನ ಓಣಿಯವರೆಲ್ಲ ನೋಡಲು ಸೇರಿದ್ದರು. ಬೆಲ್ಲಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕಡೆಗೆ ಸ್ಟ್ಯಾಂಡೂ ಇಲ್ಲ. ಎದುರುಮನೆಯ ಅಜ್ಜಿ ಗೋಡೆಗೆ ಒರಗಿಸಿಟ್ಟ ಆ ಸೈಕಲ್ಲನ್ನು ಸುತ್ತ ಬಂದು ನೋಡಿ, “ಅಷ್ಟು ದುಡ್ಡು ಇಸ್ಕೊಂಡು ನಿಲ್ಲಿಸೋಕೆ ಒಂದು ಸ್ಟ್ಯಾಂಡೂ ಕೊಡಲಿಲ್ವೇನಪ್ಪಾ? ಮೋಸ ಹೋಗ್ಬಿಟ್ಟೆ ಬಿಡು” ಅಂದಳು. ಸ್ಟ್ಯಾಂಡ್ ಇದ್ದರೆ ತೂಕ, ತೂಕ ಇದ್ದರೆ ಟೈಮು ಹೋಗುತ್ತದೆ ಎಂದು ಟೈಮಪ್ಪ ವಿವರಿಸಿದ. ಅಜ್ಜಿ ಒಮ್ಮೆ ಅವನ ಹೊಟ್ಟೆಯ ಕಡೆ ನೋಡಿ ಸುಮ್ಮನಾದಳು.

ಗುಂಪಿನಲ್ಲಿ ಓಡಿಸುವ ಪಂದ್ಯ ಅವನಿಗೆ ಆಗಿಬರುವುದಿಲ್ಲ. ಅವನದು ಟೈಮ್ ಟ್ರಯಲ್. ಸವಾರರನ್ನು ಒಬ್ಬೊಬ್ಬರಾಗಿ, ಅರ್ಧ ನಿಮಿಷವೋ ಒಂದು ನಿಮಿಷವೋ ತಡೆದು ಬಿಡುತ್ತಾರೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ನೀನುಂಟು, ರಸ್ತೆಯುಂಟು, ಗಡಿಯಾರವುಂಟು. ಸೈಕಲ್ ಲೋಕದವರು ಇದನ್ನು ಸತ್ಯದ ಪಂದ್ಯ ಎಂದು ಕರೆಯುತ್ತಾರೆ. ನಾನು ಕಂಡಂತೆ ಇದರಷ್ಟು ಸುಳ್ಳು ಹುಟ್ಟಿಸುವ ಪಂದ್ಯ ಮತ್ತೊಂದಿಲ್ಲ. ಕಬಡ್ಡಿಯಲ್ಲಿ ಸೋತರೆ ಎದುರಿನವರು ಗಟ್ಟಿಗರಿದ್ದರು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಎದುರಾಳಿಯೇ ಇಲ್ಲದ ಕಡೆ ಸೋತವನಿಗೆ ಗಾಳಿ, ಬಿಸಿಲು, ಕುರಿ, ಟೈರು, ನಿನ್ನೆ ರಾತ್ರಿಯ ಮುದ್ದೆ ಎಲ್ಲವನ್ನೂ ಸಾಕ್ಷಿ ಹಾಕಬೇಕಾಗುತ್ತದೆ.

ಹಾಗೆ ನೋಡಿದರೆ ಗಡಿಯಾರದ ವಿರುದ್ಧ ಸೈಕಲ್ ತುಳಿಯುವುದು ನಮಗೇನು ಹೊಸದಲ್ಲ. ಬಾಡಿಗೆ ಸೈಕಲ್ ಅಂಗಡಿಗಳಿದ್ದ ಕಾಲದಲ್ಲಿ ಹುಡುಗರೆಲ್ಲ ಮಾಡಿದ್ದು ಅದನ್ನೇ. ಅಂಗಡಿಯವನು ಗೋಡೆಯ ಗಡಿಯಾರ ನೋಡಿ ಪುಸ್ತಕದಲ್ಲಿ ಹೆಸರೂ ಹೊತ್ತೂ ಬರೆದುಕೊಳ್ಳುತ್ತಿದ್ದ. ಗಂಟೆ ದಾಟಿ ಐದು ನಿಮಿಷ ಆದರೆ ಇನ್ನೂ ಅರ್ಧ ಗಂಟೆಯ ದುಡ್ಡು. ಸೀಟಿಗೆ ಕಾಲು ಎಟುಕದೆ ಒಳಪೆಡಲು ಹೊಡೆಯುವ ಹುಡುಗ ಕೊನೆಯ ಹತ್ತು ನಿಮಿಷ ಹೇಗೆ ತುಳಿಯುತ್ತಿದ್ದ ಎಂದರೆ, ಅವನ ಮುಂದೆ ಇವತ್ತಿನ ಯಾವ ಟೈಮಪ್ಪನೂ ನಿಲ್ಲಲಾರ. ಅಲ್ಲಿ ನೆಪ ಹೇಳಿದರೆ ಅಂಗಡಿಯವನು ಕಿವಿ ಹಿಂಡುತ್ತಿದ್ದ.

ಟೈಮಪ್ಪನ ಆರಾಧ್ಯದೈವ ಅಮೆರಿಕದ ಗ್ರೆಗ್ ಲೆಮಾಂಡ್. 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ ವರ್ಸೇಯಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರಿನ ಟೈಮ್ ಟ್ರಯಲ್. ಫ್ರಾನ್ಸಿನ ಲೊರಾಂ ಫಿನ್ಯೋಂ 50 ಸೆಕೆಂಡು ಮುಂದಿದ್ದ. ಲೆಮಾಂಡ್ ಹ್ಯಾಂಡಲಿಗೆ ಉದ್ದನೆಯ ಕೊಂಬು ಸಿಕ್ಕಿಸಿ, ತಲೆಗೆ ಗಾಳಿ ಸೀಳುವ ಹೆಲ್ಮೆಟ್ ಹಾಕಿ ಹೊರಟ. ಫಿನ್ಯೋಂ ಬರಿತಲೆ, ಹಿಂದೆ ಜುಟ್ಟು. ಮೂರು ವಾರ ಸಾವಿರಾರು ಕಿಲೋಮೀಟರು ತುಳಿದ ಮೇಲೆ ಲೆಮಾಂಡ್ ಗೆದ್ದದ್ದು ಬರೇ 8 ಸೆಕೆಂಡಿನಲ್ಲಿ. ಈ ಕಥೆಯನ್ನು ರಾಯದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಉಗ್ಗಾಣಿ-ಬಜ್ಜಿ ತಿನ್ನುತ್ತ ಅವನು ಹೇಳದ ವಾರವಿಲ್ಲ. “ಜುಟ್ಟಿಂದ ಹೋಯ್ತು ಸಾರ್, ಬರೀ ಒಂದು ಜುಟ್ಟಿಂದ” ಎನ್ನುವಾಗ ಅವನ ಕಣ್ಣು ಒದ್ದೆಯಾಗುತ್ತದೆ. ಆಮೇಲೆ ಇನ್ನೆರಡು ಬಜ್ಜಿ.

ಜುಟ್ಟಿನ ಪಾಠ ಕಲಿತ ಟೈಮಪ್ಪನಿಗೆ ಬೋಳಿಸಲು ತಲೆಯಲ್ಲಿ ಏನೂ ಉಳಿದಿರಲಿಲ್ಲ. ಹಾಗಾಗಿ ಕಾಲು ಬೋಳಿಸಿಕೊಂಡ. ಮನೆಯಲ್ಲಿ ಎರಡು ದಿನ ಪ್ಯಾಂಟಿನೊಳಗೆ ಮುಚ್ಚಿಟ್ಟುಕೊಂಡರೂ ಮೂರನೆಯ ದಿನ ಲುಂಗಿ ಉಟ್ಟಾಗ ಅವನ ಅವ್ವನ ಕಣ್ಣಿಗೆ ಬಿತ್ತು. “ತಲೆ ಕೊಟ್ರೆ ತಿರುಪತಿ ತಿಮ್ಮಪ್ಪನಿಗೆ ಕೊಡ್ತಾರೆ. ಕಾಲು ಯಾವ ದೇವ್ರಿಗೆ ಕೊಟ್ಟೆಯೋ?” ಎಂದು ಕೇಳಿದಳಂತೆ. ತಲೆ ತಿಮ್ಮಪ್ಪನಿಗಾದರೆ ಕಾಲು ಟೈಮಿಗೆ; ಅಂದಿನಿಂದಲೇ ಓಣಿಯಲ್ಲಿ ಅವನ ಹೆಸರು ಟೈಮಪ್ಪ ಎಂದಾಯಿತು.

ಅವನ ವಿಜ್ಞಾನ ನಿಜವಾಗಿ ಪರೀಕ್ಷೆಗೆ ನಿಲ್ಲುವುದು ಪಂಕ್ಚರ್ ಅಂಗಡಿಯಲ್ಲಿ. ನಮ್ಮ ಸೀಮೆಯ ಮುಳ್ಳುಗಳ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಕೆಳಗೆ ನೆಲಕ್ಕೆ ಹಬ್ಬಿದ ನೆಗ್ಗಿಲು. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನೋಡುತ್ತಿರುತ್ತದೆ. ಮೇಲೆ ಬಳ್ಳಾರಿ ಜಾಲಿ. ರಾಯದುರ್ಗ ಆಂಧ್ರಕ್ಕೆ ಸೇರಿ ಎಷ್ಟೋ ವರ್ಷವಾದರೂ ಬೇಲಿಯ ಜಾಲಿ ಮಾತ್ರ ಇನ್ನೂ ಬಳ್ಳಾರಿಯದೇ. ಇವೆರಡನ್ನೂ ಎದುರಿಸಲು ಟೈಮಪ್ಪನ ಟೈರಿನಲ್ಲಿ ಟ್ಯೂಬೇ ಇಲ್ಲ. ಒಳಗೆ ಹಾಲಿನಂಥ ಒಂದು ದ್ರವ ಇರುತ್ತದೆ. ಮುಳ್ಳು ಚುಚ್ಚಿದ ಕಡೆ ಅದು ನುಗ್ಗಿ, ಹೆಪ್ಪುಗಟ್ಟಿ, ತೂತು ಮುಚ್ಚುತ್ತದೆ. ಸಣ್ಣ ಮುಳ್ಳಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜಾಲಿ ಮುಳ್ಳು ಸಣ್ಣದಲ್ಲ.

ಒಂದು ಸಂಜೆ ಅಂಥ ಮುಳ್ಳು ಸಮೇತ ಸೈಕಲ್ ತಳ್ಳಿಕೊಂಡು ಬಂದ. ಅಂಗಡಿಯ ತಾತ ಮೊದಲು ಹೆಬ್ಬೆಟ್ಟಿನಿಂದ ಟೈರು ಒತ್ತಿ ನೋಡಿದ.

“ಸಾರ್, ಮುಂದಿನ ಚಕ್ರದಾಗೂ ಗಾಳಿ ಇಲ್ಲ.”

“ಅದು ಇರೋದೇ ಅಷ್ಟು ತಾತ. ಮೂವತ್ತು ಸಾಕು. ಜಲ್ಲಿ ರೋಡಲ್ಲಿ ಕಮ್ಮಿ ಗಾಳಿ ಇದ್ರೇನೇ ಜೋರು ಹೋಗೋದು.”

“ಹೆಂಗೆ?”

“ಕಲ್ಲು ಸಿಕ್ಕಿದಾಗ ಟೈರು ಮೆತ್ತಗೆ ಒಳಕ್ಕೆ ಹೋಗ್ಬೇಕು. ಗಟ್ಟಿ ಇದ್ರೆ ಸೈಕಲ್ಲೂ ನಾನೂ ಮೇಲಕ್ಕೆ ಹಾರ್ತೀವಿ. ಹಾರಿದಷ್ಟೂ ಶಕ್ತಿ ಲಾಸು.”

ಇದು ಸುಳ್ಳಲ್ಲ. ಗಟ್ಟಿ ಟೈರೇ ವೇಗ ಎನ್ನುವ ಹಳೆಯ ನಂಬಿಕೆಯನ್ನು ರಸ್ತೆ ಪಂದ್ಯದವರೂ ಈಗ ಕೈಬಿಟ್ಟಿದ್ದಾರೆ. ತಾತ ಸ್ವಲ್ಪ ಹೊತ್ತು ಯೋಚನೆ ಮಾಡಿದ.

“ಹಂಗಾದ್ರೆ ಪಂಕ್ಚರಾದ ಸೈಕಲ್ಲೇ ಎಲ್ಲಕ್ಕಿಂತ ಜೋರು ಹೋಗ್ಬೇಕಲ್ಲ ಸಾರ್? ಇದನ್ಯಾಕೆ ರಿಪೇರಿಗೆ ತಂದ್ರಿ?”

ಉತ್ತರ ಬರುವಷ್ಟರಲ್ಲಿ ತಾತ ಇಕ್ಕುಳ ಹಾಕಿ ಮುಳ್ಳು ಕಿತ್ತಿದ್ದ. ಬಿಳಿ ದ್ರವ ಚಿಮ್ಮಿ ಅವನ ಲುಂಗಿ, ನೀರಿನ ತೊಟ್ಟಿ, ಗೋಡೆಯ ಮೇಲಿದ್ದ ಸಿನಿಮಾ ಪೋಸ್ಟರು ಎಲ್ಲಕ್ಕೂ ಅಭಿಷೇಕವಾಯಿತು. ತಾತ ಕೈ ಒರೆಸಿಕೊಳ್ಳುತ್ತ ಬೇಸರವಿಲ್ಲದೆ ಕೇಳಿದ: “ದಿನಕ್ಕೆ ಎಷ್ಟು ಲೀಟರ್ ಕೊಡ್ತೈತೆ ಸಾರ್ ಇದು?”

ಟೈರಿನೊಳಗಿನ ಗಾಳಿ ಹೀಗಾದರೆ ಹೊರಗಿನ ಗಾಳಿಯದು ಇನ್ನೊಂದು ಕಥೆ. ಮುಂಗಾರು ತನ್ನ ಮಳೆಯನ್ನೆಲ್ಲ ಘಟ್ಟಕ್ಕೆ ಸುರಿದು ನಮ್ಮ ಕಡೆಗೆ ಬರುವಾಗ ಬರೀ ಗಾಳಿ ತರುತ್ತದೆ. ಆಷಾಢದಲ್ಲಿ ರಾಯದುರ್ಗದ ಬಯಲಿಗೆ ನಿಂತರೆ ಎದುರಿನವನು ಆಡಿದ ಮಾತು ಕಲ್ಯಾಣದುರ್ಗದಲ್ಲಿ ಕೇಳಿಸಬೇಕು, ಅಂಥ ಗಾಳಿ. ಅದಕ್ಕೇ ಆ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಎದ್ದಿವೆ. ಲೆಕ್ಕ ಸರಳ: ಗಾಳಿಯ ವೇಗ ಎರಡರಷ್ಟಾದರೆ ಅದರೊಳಗಿನ ಶಕ್ತಿ ಎಂಟರಷ್ಟಾಗುತ್ತದೆ. ಸೈಕಲ್ ಸವಾರನಿಗೂ ಇದೇ ಲೆಕ್ಕ, ಆದರೆ ಖರ್ಚಿನ ಕಡೆಯಿಂದ. ವೇಗ ಎರಡರಷ್ಟು ಮಾಡಬೇಕೆಂದರೆ ಗಾಳಿಯೊಂದಕ್ಕೇ ಎಂಟು ಪಟ್ಟು ಶಕ್ತಿ ತೆರಬೇಕು. ಒಂದೇ ಸೂತ್ರ ಗುಡ್ಡದ ಮೇಲೆ ಕಂಪನಿಗೆ ಲಾಭ, ಗುಡ್ಡದ ಕೆಳಗೆ ಟೈಮಪ್ಪನಿಗೆ ಏದುಸಿರು. ವಿಚಿತ್ರವೆಂದರೆ ಅವನ ಪಾಲಿಗೆ ಹೋಗುವಾಗಲೂ ಬರುವಾಗಲೂ ಎದುರುಗಾಳಿಯೇ. ಬೆನ್ನಗಾಳಿ ಬೀಸಿದ ದಿನ ಅದನ್ನು ‘ಫಾರ್ಮ್’ ಎನ್ನುತ್ತಾನೆ.

ರಸ್ತೆಯ ಮೇಲಿನ ಜನ ಇನ್ನೊಂದು ಅಡಚಣೆ. ತಲೆ ತಗ್ಗಿಸಿ, ಹಲ್ಲು ಕಚ್ಚಿ, ಯಾರನ್ನೂ ನೋಡದೆ ಸೈಕಲ್ ತುಳಿಯುವವನನ್ನು ಕಂಡರೆ ನಮ್ಮ ಹಳ್ಳಿಯವರಿಗೆ ತೋಚುವುದು ಒಂದೇ. “ಯಾರಿಗೆ ಸೀರಿಯಸ್ಸಣ್ಣೋ?” ಎಂದು ಹೊಲದಿಂದಲೇ ಕೂಗುತ್ತಾರೆ. ಉತ್ತರ ಕೊಡದೆ ಹೋದರೆ ದೊಡ್ಡಸ್ತಿಕೆ; ನಿಂತು ಕೊಟ್ಟರೆ ಯಾವೂರು, ಯಾರ ಮಗ, ಎಷ್ಟು ಎಕರೆ ಎಂಬಲ್ಲಿಗೆ ಬಂದು ಮಜ್ಜಿಗೆ ಕುಡಿದೇ ಹೊರಡಬೇಕು. ಹುರುಳಿ ಕೊಯ್ಲಿನ ಕಾಲದಲ್ಲಂತೂ ರಸ್ತೆಯೇ ಕಣ. ವಾಹನಗಳು ತುಳಿದು ಕಾಳು ಬಿಡಿಸಲಿ ಎಂದು ಗಿಡ ಹರಡಿರುತ್ತಾರೆ. ಟೈಮಪ್ಪ ಅದರ ಮೇಲೆ ಹೋಗಲಾರದೆ ಪಕ್ಕದ ಮಣ್ಣಿಗೆ ಇಳಿದರೆ, ಕಣದ ಯಜಮಾನ ಹೆಂಡತಿಗೆ ಹೇಳುತ್ತಾನೆ: “ಹೋಗ್ಲಿ ಬಿಡೆ, ಅದ್ರಿಂದ ಒಂದು ಕಾಳೂ ಉದುರಲ್ಲ. ಲಾರಿ ಬರ್ಲಿ.” ಲಕ್ಷ ರೂಪಾಯಿಯ ಸೈಕಲ್ಲಿಗೆ ಇಷ್ಟು ನಿಷ್ಪಕ್ಷಪಾತ ವಿಮರ್ಶೆ ಯಾವ ಇಂಗ್ಲಿಷ್ ಮ್ಯಾಗಜೀನಿನಲ್ಲೂ ಬಂದಿರಲಾರದು.

ಈ ಎಲ್ಲ ಉಪದ್ರವ ತಪ್ಪಿಸಿಕೊಳ್ಳಲು ಅವನು ಕಂಡುಕೊಂಡ ಜಾಗ ಕಾಲುವೆ ಏರಿ. ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯ ನೀರು ಎತ್ತಿ ತರುವ ಹಂದ್ರಿ-ನೀವಾ ಯೋಜನೆಗೆ ಮಡಕಶಿರಾ ಶಾಖಾ ಕಾಲುವೆ ಎಂದು ಒಂದಿದೆ. ಅದರ ಏರಿಯ ಮೇಲೆ ಗ್ರಾವೆಲ್ ದಾರಿ. ಅಲ್ಲಿ ನಾಲ್ಕು ಕಿಲೋಮೀಟರು ಅಳೆದು, ಎರಡು ಕಡೆ ಸುಣ್ಣದ ಗೆರೆ ಎಳೆದು, ಒಂದು ಭಾನುವಾರ ಟೈಮ್ ಟ್ರಯಲ್ ಏರ್ಪಾಡಾಯಿತು. ಸ್ಪರ್ಧಿಗಳು ಟೈಮಪ್ಪ, ಒಬ್ಬ ಪೀಟಿ ಮೇಷ್ಟ್ರು, ಮೆಡಿಕಲ್ ಸ್ಟೋರಿನವರು ಒಬ್ಬರು, ಒಬ್ಬ ಇಂಜಿನಿಯರಿಂಗ್ ಹುಡುಗ. ಮುಕ್ತಾಯದ ಗೆರೆಯ ಬಳಿ ಫೋನು ಹಿಡಿದು ಕೂತ ಟೈಂಕೀಪರ್ ಟೈಮಪ್ಪನ ಭಾವಮೈದ. ಈ ಕಡೆಯಿಂದ ಮೇಷ್ಟ್ರು ಫೋನಿನಲ್ಲಿ ‘ಬಿಟ್ಟೆ’ ಅನ್ನಬೇಕು, ಆ ಕಡೆ ಅವನು ಸ್ಟಾಪ್‌ವಾಚ್ ಒತ್ತಬೇಕು.

ಆ ಬೆಳಗಿನಲ್ಲಿ ಹುಡುಕಿದರೂ ಒಂದು ನೆಪ ಸಿಗುತ್ತಿರಲಿಲ್ಲ. ಗಾಳಿ ಬೆನ್ನಿಗೆ. ಹಿಂದಿನ ದಿನ ಹನಿ ಬಿದ್ದು ಜಲ್ಲಿ ಕೂತಿತ್ತು. ಏರಿಯ ಮೇಲೆ ಕುರಿ ಹೊಡೆದುಕೊಂಡು ಬರುವ ಅಜ್ಜ ಯಾವುದೋ ಮದುವೆಗೆ ಹೋಗಿದ್ದ. ಮೇಷ್ಟ್ರು ಹಿಂದಿನಿಂದ ಸೀಟು ಹಿಡಿದು ಐದು, ನಾಲ್ಕು, ಮೂರು ಎಣಿಸಿ ಬಿಟ್ಟರು. ಟೈಮಪ್ಪ ಹೋದದ್ದನ್ನು ನಾನೇ ಏರಿಯ ಮೇಲೆ ನಿಂತು ನೋಡಿದೆ. ಬೆನ್ನು ಮಟ್ಟಸವಾಗಿ ಮಲಗಿತ್ತು, ಮೊಣಕೈ ಒಳಕ್ಕೆ, ಭುಜ ಅಲುಗುತ್ತಿರಲಿಲ್ಲ. ಚಕ್ರದಡಿಯ ಸಣ್ಣ ಕಲ್ಲುಗಳು ಪಟಪಟನೆ ಸಿಡಿದು ಕಾಲುವೆಯ ನೀರಿಗೆ ಬೀಳುತ್ತಿದ್ದವು. ನಗುವುದಕ್ಕೆಂದು ಹೋದವನಿಗೆ ನಗು ಬರಲಿಲ್ಲ. ಮನುಷ್ಯ ಅವತ್ತು ನಿಜವಾಗಿಯೂ ಹಾರಿಬಿಟ್ಟ.

ಗೆರೆ ದಾಟಿ, ಸೈಕಲ್ ಮೇಲೇ ಒರಗಿ, ಅರ್ಧ ನಿಮಿಷ ಬಿಟ್ಟು ತಲೆಯೆತ್ತಿ ಕೇಳಿದ: “ಎಷ್ಟೋ?”

ಭಾವಮೈದ ಎದ್ದು ನಿಂತ. “ಭಾವ, ನೀವು ಹೊರಟುಬಿಟ್ರಾ? ಅಮ್ಮ ಫೋನ್ ಮಾಡಿದ್ರು. ತಿಂಡಿಗೆ ಎಷ್ಟು ಜನ ಬರ್ತೀರ ಅಂತ.”

ಮೇಷ್ಟ್ರ ‘ಬಿಟ್ಟೆ’ ಬಿಜಿ ಟೋನಿಗೆ ಹೋಗಿತ್ತು. ಹ್ಯಾಂಡಲ್ ಮೇಲಿನ ಕಂಪ್ಯೂಟರ್? ಐದು ನಾಲ್ಕು ಮೂರರ ಗಡಿಬಿಡಿಯಲ್ಲಿ ಅದರ ಗುಂಡಿ ಒತ್ತುವುದು ಮರೆತಿತ್ತು, ಹೇಗೂ ಭಾವಮೈದ ನೋಡಿಕೊಳ್ಳುತ್ತಾನಲ್ಲ ಎಂಬ ಧೈರ್ಯ ಬೇರೆ. ಹೀಗೆ ಟೈಮಪ್ಪನ ಜೀವಮಾನದ ಅತಿ ವೇಗದ ಟೈಮ್ ಟ್ರಯಲ್ಲಿಗೆ ಟೈಮೇ ಇಲ್ಲದಂತಾಯಿತು. ಅತ್ತೆ ಮನೆಯಲ್ಲಿ ಆ ದಿನ ಅವನು ಇಡ್ಲಿ ಮುಟ್ಟಲಿಲ್ಲ. ಆರು ತಿಂದ ಭಾವಮೈದ.

ಟೈಮ್ ಇಲ್ಲದ್ದರಿಂದ ಒಂದು ಅನುಕೂಲವೂ ಆಯಿತು. ಮೊದಮೊದಲು ‘ಏಳು ನಿಮಿಷದೊಳಗೆ ಬಂದಿರಬೇಕು’ ಎನ್ನುತ್ತಿದ್ದ. ದಸರೆಗೆ ಅದು ಆರೂವರೆಯಾಯಿತು, ಸಂಕ್ರಾಂತಿಗೆ ಆರು. ಕಳೆದ ಯುಗಾದಿಗೆ ಐದೂ ಕಾಲಿಗೆ ಇಳಿದಿದೆ. ನಾಲ್ಕೂ ಕಾಲಿಗೆ ಬಂದ ದಿನ ಗಂಟೆಗೆ 54 ಕಿಲೋಮೀಟರಿಗೂ ಮೇಲೆ ಹೋಗಿದ್ದ 1989ರ ಲೆಮಾಂಡನೂ ಹಿಂದೆ ಬೀಳುತ್ತಾನೆ. ಅದಕ್ಕೆ ಇನ್ನು ಬಹಳ ಹಬ್ಬ ಬೇಕಾಗಿಲ್ಲ.

ಮೊಬೈಲ್ ಆ್ಯಪು ಕೊಡುವ ಟೈಮು ಇದ್ದಾಗಲೂ ಅವನಿಗೆ ದಾರಿಯುಂಟು. ಆ್ಯಪಿನಲ್ಲಿ ಎರಡು ಲೆಕ್ಕವಿರುತ್ತದೆ. ಒಂದು, ಹೊರಟಲ್ಲಿಂದ ಮುಟ್ಟುವವರೆಗೆ ಕಳೆದ ಒಟ್ಟು ಹೊತ್ತು. ಇನ್ನೊಂದು, ನಿಂತದ್ದು, ದಣಿವಾರಿಸಿಕೊಂಡದ್ದು, ಕಾಫಿ ಕುಡಿದದ್ದು ಎಲ್ಲ ಕಳೆದು, ಚಕ್ರ ತಿರುಗಿದಷ್ಟೇ ಹೊತ್ತು: ಮೂವಿಂಗ್ ಟೈಮ್. ಪಂದ್ಯದಲ್ಲಿ ಎಣಿಕೆಗೆ ಬರುವುದು ಮೊದಲನೆಯದು ಮಾತ್ರ. ಟೈಮಪ್ಪ ಹೇಳುವುದು ಎರಡನೆಯದನ್ನು ಮಾತ್ರ. ಅವನ ಬ್ಯಾಂಕ್ ಕೌಂಟರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ರಸ್ತೆಯಲ್ಲಿ ನಾಲ್ಕು ಸೆಕೆಂಡು ಉಳಿಸಲು ಕಾಲಿನ ಕೂದಲು ತೆಗೆದವನು, ಒಂದು ಪಾಸ್‌ಬುಕ್ ಎಂಟ್ರಿಗೆ ನಿಮ್ಮನ್ನು ಮುಕ್ಕಾಲು ಗಂಟೆ ನಿಲ್ಲಿಸುತ್ತಾನೆ. ಜೀನ್ಸ್ ಹೊಲಿಯುವ ಟೈಲರೊಬ್ಬ ಒಮ್ಮೆ ತಾಳ್ಮೆಗೆಟ್ಟು, “ಸಾರ್, ಇಷ್ಟೊತ್ತಿಗೆ ನಾನು ನಾಲ್ಕು ಪ್ಯಾಂಟ್ ಮುಗಿಸ್ತಿದ್ದೆ” ಅಂದ. ಟೈಮಪ್ಪನ ಲೆಕ್ಕದಲ್ಲಿ ಮಷೀನಿನೊಳಗೆ ಪುಸ್ತಕ ಚಲಿಸಿದ್ದು ಎರಡೇ ನಿಮಿಷ.

ಬಿರುದಿನ ವಿಷಯದಲ್ಲಿ ಮಾತ್ರ ಸರ್ಕಾರ ಅವನ ಕೈಹಿಡಿದಿದೆ. ಮೊದಲು ಅವನು ತನ್ನನ್ನು ಅನಂತಪುರ ಜಿಲ್ಲೆಯ ಗ್ರಾವೆಲ್ ನಂಬರ್ ಒನ್ ಎಂದು ಕರೆದುಕೊಳ್ಳುತ್ತಿದ್ದ. ಬೇರೆ ಯಾರೂ ಕಣದಲ್ಲಿ ಇಲ್ಲದ್ದರಿಂದ ತಕರಾರಿರಲಿಲ್ಲ. 2022ರ ಏಪ್ರಿಲ್ 4ರಂದು ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗಡಿಯವರಿಗೆ ಇದು ಮೊದಲ ಸಲವಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಅದೇ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ಆಂಧ್ರದ ಪಾಲಾದವು. ಆಗ ಎಷ್ಟೋ ಮನೆಗಳವರ ಕಚೇರಿ, ಕೋರ್ಟು, ನೆಂಟರು ಒಂದೇ ದಿನದಲ್ಲಿ ಬೇರೆ ರಾಜ್ಯದವರಾದರು. ಆ ಸಲ ಎಲ್ಲರಿಗೂ ಏನಾದರೊಂದು ಹೋಯಿತು. ಈ ಸಲ ಟೈಮಪ್ಪನಿಗೆ ಕೂಡಿಬಂತು: ಕೂತಲ್ಲೇ ಎರಡು ಜಿಲ್ಲೆಯ ಚಾಂಪಿಯನ್.

ಅವನ ಕನಸು ಅಮೆರಿಕದ ಕಾನ್ಸಾಸ್‌ನ ಎಂಪೋರಿಯಾ. ಅದೂ ಹೊಲಗದ್ದೆಗಳ ನಡುವಿನ ಸಣ್ಣ ಊರು. 2006ರಲ್ಲಿ ಅಲ್ಲಿ ಶುರುವಾದ 200 ಮೈಲಿಯ ಗ್ರಾವೆಲ್ ಪಂದ್ಯಕ್ಕೆ ಇವತ್ತು ದೇಶವಿದೇಶದಿಂದ ಸಾವಿರಾರು ಜನ ಬರುತ್ತಾರೆ. 2022ರಲ್ಲಿ ಇಟಲಿಯಲ್ಲಿ ಗ್ರಾವೆಲ್‌ಗೆ ವಿಶ್ವ ಚಾಂಪಿಯನ್‌ಷಿಪ್ಪೂ ಬಂತು. ‘ನಮ್ಮಲ್ಲಿ ಇಲ್ಲದ ಜಲ್ಲಿಯೇ?’ ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಅಮರಾಪುರದಿಂದ ನೊಳಂಬರ ಹೇಮಾವತಿಯ ಕಡೆಗೆ, ಗುಮ್ಮಗಟ್ಟದಿಂದ ಭೈರವಾನಿತಿಪ್ಪ ಅಣೆಕಟ್ಟಿನ ಕಡೆಗೆ ಇರುವ ಮಣ್ಣುದಾರಿಗಳನ್ನು ಕಂಡರೆ ಅಮೆರಿಕದವರೂ ಆಸೆಪಟ್ಟಾರು. ನಮ್ಮಂಥದೇ ಒಣನೆಲದ ವಿಜಯಪುರ, ಬಾಗಲಕೋಟೆಯ ಹಳ್ಳಿ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಷ್ಟ್ರೀಯ ಪದಕ ತರುತ್ತಲೇ ಇದ್ದಾರೆ. ಇಂಜಿನಿಯರಿಂಗ್ ಓದಿದ ಬೆಂಗಳೂರಿನ ನವೀನ್ ಜಾನ್ ಟೈಮ್ ಟ್ರಯಲ್‌ನಲ್ಲೇ ಒಂದಕ್ಕಿಂತ ಹೆಚ್ಚು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. ಅವರಿಗೂ ಎದುರುಗಾಳಿ ಇತ್ತು. ಇದನ್ನು ಟೈಮಪ್ಪನಿಗೆ ಹೇಳಿದರೆ, “ಅವರ ಊರಲ್ಲಿ ಜಾಲಿ ಮುಳ್ಳು ಇಷ್ಟು ಇಲ್ಲ ಬಿಡಿ ಸಾರ್” ಎನ್ನುತ್ತಾನೆ.

ನಿಮ್ಮೂರಿನಲ್ಲೂ ಒಬ್ಬ ಟೈಮಪ್ಪ ಇದ್ದೇ ಇರುತ್ತಾನೆ. ತಲೆ ತಗ್ಗಿಸಿ ಎದುರಿಗೆ ಬಂದರೆ ಯಾವೂರು ಎಂದು ಕೇಳಬೇಡಿ, ಕುರಿಗಳನ್ನು ಪಕ್ಕಕ್ಕೆ ಹೊಡೆದುಕೊಂಡು ದಾರಿ ಬಿಡಿ. ಆ ನಾಲ್ಕು ಕಿಲೋಮೀಟರಿನಲ್ಲಿ ಅವನ ಮೈಯ ಬೆವರಂತೂ ಸುಳ್ಳಲ್ಲ. ಆಮೇಲೆ ಟೀ ಅಂಗಡಿಯಲ್ಲಿ ಸಿಕ್ಕಾಗ ಮಾತ್ರ, ನಿಂತದ್ದೂ ಸೇರಿಸಿ ಎಷ್ಟಾಯಿತು ಹೇಳಪ್ಪಾ ಅನ್ನಿ. ಮತ್ತೆ, ಅವನಿರುವ ಬ್ಯಾಂಕಿನಲ್ಲಿ ಏನಾದರೂ ಕೆಲಸವಿದ್ದರೆ ಸೋಮವಾರ ಹೋಗಬೇಡಿ. ಭಾನುವಾರದ ರೈಡಿನ ಕಥೆ ಮುಗಿಯುವಷ್ಟರಲ್ಲಿ ಮಂಗಳವಾರ ಮಧ್ಯಾಹ್ನವಾಗಿರುತ್ತದೆ.